ದೃಷ್ಟಿ ತೆಗೆದ ವರ್ಷ

ಕಳೆದ ವಾರ ಶಿವಮೊಗ್ಗದ ಗೋಪಾಳದ ನಮ್ಮ ಬಾಡಿಗೆ ಮನೆಯ ಮೇಲಿನ ಮಹಡಿಯವರು ಊರಿಂದ ಬಂದ ಮೊಮ್ಮಗನಿಗೆ ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಮೆಟ್ಟಿಲಿಳಿದು, ಹೇಳದೆ ಕೇಳದೆ ನಮ್ಮ ಮನೆಗೆ ಬಂತು. ಲೆಕ್ಕ ಮಾಡುತ್ತ ಕೂತಿದ್ದ ನನ್ನ ಮಗಳು ಸನಾ ಕೆಮ್ಮಿ ಕೆಮ್ಮಿ, ದಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಅಮ್ಮೀ, ಮೇಲಿನ ಆಂಟಿ ಒಗ್ಗರಣೆ ಸೀಸಿದ್ರು" ಅಂದಳು. ಅವಳಿಗೀಗ ಹತ್ತು ವರ್ಷ. ಅದು ಒಗ್ಗರಣೆಯಲ್ಲ ಎಂದು ನಾನು ಹೇಳಲಿಲ್ಲ. ಕಿಟಕಿ ಹಾಕಿದೆ. ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಘಾಟಿಗೆ ಕಣ್ಣಲ್ಲಿ ನೀರು ಬಂದರೆ ಯಾರೂ ಏಕೆ ಎಂದು ಕೇಳುವುದಿಲ್ಲ, ಅದೊಂದು ಅನುಕೂಲ.

ಒಂಬತ್ತು ವರ್ಷದ ಹಿಂದೆ ನಾವು ಭದ್ರಾವತಿಯ ಹಳೇನಗರದಲ್ಲಿದ್ದೆವು. ನಾನು, ಗ್ಯಾರೇಜಿನಲ್ಲಿ ಲಾರಿ ರಿಪೇರಿ ಮಾಡುವ ನನ್ನ ಗಂಡ ಇರ್ಫಾನ್, ಅವರ ತಾಯಿ, ಮತ್ತು ಡಿಸೆಂಬರಿನಲ್ಲಿ ಹುಟ್ಟಿದ ಸನಾ. ನಾನು ಕನ್ನಡ ಟೀಚರ್. ಮುಸಲ್ಮಾನರ ಹೆಣ್ಣುಮಗಳು ಕನ್ನಡ ಕಲಿಸುತ್ತಾಳೆಂದು ಆಶ್ಚರ್ಯಪಡುವವರು ಈಗಲೂ ಸಿಗುತ್ತಾರೆ. ಅವರ ಕಾಗುಣಿತ ತಿದ್ದಿ ಕಳಿಸುತ್ತೇನೆ. ನನ್ನ ಶಾಲೆ ಕುಂಸಿಯ ಕಡೆ. ಹೆರಿಗೆ ರಜೆ ಮುಗಿದು ಜೂನಿನಲ್ಲಿ ಕೆಲಸಕ್ಕೆ ಮರಳಿದಾಗ ಮಗುವಿಗೆ ಆರು ತಿಂಗಳು. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಶಿವಮೊಗ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಕುಂಸಿಗೆ ಇನ್ನೊಂದು. ಸಂಜೆ ಮತ್ತೆ ಅದೇ ಎರಡು ಬಸ್ಸು. ಮನೆಗೆ ಬರುವ ಹೊತ್ತಿಗೆ ನೆಂದ ಬುರ್ಖಾ ಬಾಗಿಲ ಮೊಳೆಗೆ ನೇತುಹಾಕಿ, ಅಲ್ಲೇ ಗೋಡೆಗೊರಗಿ ಕೂತುಬಿಡುವಷ್ಟು ಸುಸ್ತು. ಮಗುವನ್ನು ನೋಡಿಕೊಳ್ಳುತ್ತಿದ್ದವರು ಅತ್ತೆ. ಎಡಗಾಲು ಸ್ವಲ್ಪ ಎಳೆದು ನಡೆಯುವ, ಕೂತಲ್ಲಿ ಕೂರದ, ಮನೆಯ ತುಂಬ ಓಡಾಡುತ್ತಲೇ ಇರುವ ಹೆಂಗಸು.

ಜೂನಿನ ಕೊನೆಯಲ್ಲಿ ಒಂದು ದಿನ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಗಿರಿಜಕ್ಕ ಮನೆಗೆ ಬಂದು ಮಗುವನ್ನು ಎತ್ತಿಕೊಂಡು ನೋಡಿ, ಅತ್ತೆಗೆ ಹೇಳಿ ಹೋದರು. ಅವರು ಹೇಳಿದ್ದು ಇಷ್ಟು: "ಮಗೂಗೆ ದೃಷ್ಟಿ ತೊಂದ್ರೆ ಇದ್ದಂಗಿದೆ ಕಣಮ್ಮಾ. ತಡ ಮಾಡ್ಬೇಡಿ, ಬೇಗ ತೋರಿಸ್ಬಿಡಿ."

ಅತ್ತೆ ಅದನ್ನು ಸಂಜೆ ನನಗೆ ನಮ್ಮ ಮನೆಮಾತು ದಖ್ಖನಿಯಲ್ಲಿ ದಾಟಿಸಿದರು. "ನಜರ್ ಕಾ ಹೈ ಕತೆ." ಈ "ಕತೆ" ಕನ್ನಡದ "ಅಂತೆ". ನಜರ್ ಅಂತೆ. ಕನ್ನಡದ ದೃಷ್ಟಿಗೆ ಹೇಗೆ ಎರಡು ಮುಖವೋ ನಮ್ಮ ನಜರಿಗೂ ಹಾಗೆಯೇ ಎರಡು. ಕಣ್ಣಿನ ನೋಟವೂ ನಜರ್, ಕೆಟ್ಟ ಕಣ್ಣು ತಾಕುವುದೂ ನಜರ್. ಎರಡು ಭಾಷೆ ಬಲ್ಲವಳು ನಾನು, ಎರಡರಲ್ಲೂ ಜಾರಿ ಬಿದ್ದೆ. ಗುಂಡಗೆ, ಬೆಳ್ಳಗೆ, ಅಳದ ಮಗು. ಓಣಿಯವರ ಕಣ್ಣು ತಾಕದೆ ಇರುತ್ತದೆಯೇ ಅಂದುಕೊಂಡು "ಹೂಂ" ಅಂದೆ.

ಅಂದಿನಿಂದ ಅತ್ತೆ ದಿನಾ ಸಂಜೆ ದೃಷ್ಟಿ ತೆಗೆಯತೊಡಗಿದರು. ಏಳು ಒಣಮೆಣಸಿನಕಾಯಿ, ಒಂದು ಹಿಡಿ ಕಲ್ಲುಪ್ಪು, ಮಗುವಿನ ಸುತ್ತ ಮೂರು ಸಲ, ಆಮೇಲೆ ಕೆಂಡಕ್ಕೆ. ಘಾಟು ಬರದಿದ್ದರೆ ದೃಷ್ಟಿ ಗಟ್ಟಿ ಎಂದು ಅರ್ಥ. ಘಾಟು ಬರುತ್ತಿರಲಿಲ್ಲ. ಜುಲೈ ತಿಂಗಳ ಮಳೆಗೆ ಡಬ್ಬಿಯಲ್ಲಿದ್ದ ಮೆಣಸಿನಕಾಯಿಯೆಲ್ಲ ತೇವ ಹಿಡಿದು ಚರ್ಮದಂತಾಗಿತ್ತು. ಎಲ್ಲಿಂದ ಬರಬೇಕು ಘಾಟು? ಅತ್ತೆಗೆ ಮಾತ್ರ ದಿಗಿಲು. "ನೋಡು, ಎಷ್ಟು ಗಟ್ಟಿಯಾಗಿ ಕೂತಿದೆ" ಎಂದು ಹಿರಿಯರೊಬ್ಬರ ಹತ್ತಿರ ಕರೆದುಕೊಂಡು ಹೋಗಿ ಮಗುವಿನ ಮೇಲೆ ದುವಾ ಓದಿ ಊದಿಸಿದರು, ದಾರ ಕಟ್ಟಿಸಿದರು, ಕಣ್ಣಿಗೆ ತಪ್ಪದೆ ಕಾಡಿಗೆಯಂಥ ಸುರ್ಮಾ ಹಾಕತೊಡಗಿದರು.

ಆಗಸ್ಟಿನಲ್ಲಿ ಗಿರಿಜಕ್ಕ ಮತ್ತೆ ಬಂದರು. ಅಂದು ಭಾನುವಾರ. ನಾನು ಒಳಗೆ ಬಟ್ಟೆ ಹಿಂಡುತ್ತಿದ್ದೆ. ಬಾಗಿಲಲ್ಲಿ ನಡೆದ ಮಾತು ಪೂರ್ತಿ ಕೇಳಿಸಿತು.

"ತೋರಿಸಿದ್ರಾ ಅಮ್ಮಾ?"

"ತೋರಿಸಿದ್ವಿ ಕಣಮ್ಮಾ."

"ಏನಂದ್ರು?"

"ನಲವತ್ತು ದಿನ ಬಿಡದೆ ಹಾಕಿ ಅಂದ್ರು."

"ಹಾಕ್ತಿದೀರಾ?"

"ದಿನಾ ಹಾಕ್ತಿದೀನಿ. ಎರಡೂ ಕಣ್ಣಿಗೆ."

"ಒಳ್ಳೇದಾಯ್ತು ಬಿಡಿ" ಎಂದು ಗಿರಿಜಕ್ಕ ಪುಸ್ತಕದಲ್ಲಿ ಏನೋ ಬರೆದುಕೊಂಡು ಹೋದರು. ಅವರ ತಲೆಯಲ್ಲಿದ್ದದ್ದು ಡಾಕ್ಟರು ಮತ್ತು ಔಷಧದ ಹನಿ. ಅತ್ತೆಯ ತಲೆಯಲ್ಲಿದ್ದದ್ದು ದುವಾ ಮತ್ತು ಸುರ್ಮಾ. ಇಬ್ಬರೂ ಸುಳ್ಳು ಹೇಳಲಿಲ್ಲ. ನಡುವೆ ಒದ್ದೆ ಬಟ್ಟೆ ಹಿಡಿದುಕೊಂಡು ಕೂತಿದ್ದ ಕನ್ನಡ ಟೀಚರಿಗೆ ಏನೂ ಹೊಳೆಯಲಿಲ್ಲ.

ಹೊಳೆದದ್ದು ಸೆಪ್ಟೆಂಬರಿನಲ್ಲಿ, ಐದನೇ ತರಗತಿಯಲ್ಲಿ. ನಾನಾರ್ಥ ಪದಗಳ ಪಾಠ. "ಅಡಿ" ಎಂದರೆ ಕೆಳಗೆ, "ಅಡಿ" ಎಂದರೆ ಪಾದ, "ಅಡಿ" ಎಂದರೆ ಅಳತೆ ಎಂದು ಬೋರ್ಡಿನ ಮೇಲೆ ಬರೆದು, ನೀವೂ ಒಂದೊಂದು ಹೇಳಿ ಅಂದೆ. ಚೈತ್ರ ಎಂಬ ಹುಡುಗಿ ಎದ್ದು ನಿಂತಳು.

"ಟೀಚರ್, ದೃಷ್ಟಿ ಟೀಚರ್. ನಮ್ಮಜ್ಜಿಗೆ ದೃಷ್ಟಿ ಇಲ್ಲ, ಪೊರೆ ಬಂದಿತ್ತು, ಆಪ್ರೇಷನ್ ಮಾಡಿದ್ರು. ನಮ್ ಎಮ್ಮೆಗೆ ದೃಷ್ಟಿ ಆಗಿದೆ, ಹಾಲೇ ಕೊಡ್ತಿಲ್ಲ."

ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಗುತ್ತಲೇ ಬೋರ್ಡಿನ ಕಡೆ ತಿರುಗಿ "ದೃಷ್ಟಿ" ಎಂದು ಬರೆದು, ಕೆಳಗೆ "ಒಂದು, ನೋಟ" ಎಂದು ಬರೆದೆ. ಎರಡು ಎಂದು ಬರೆಯುವಾಗ ಸೀಮೆಸುಣ್ಣ ಅಲ್ಲೇ ನಿಂತಿತು. ಮಗೂಗೆ ದೃಷ್ಟಿ ತೊಂದ್ರೆ ಇದ್ದಂಗಿದೆ ಕಣಮ್ಮಾ. ಎರಡೂ ಕಣ್ಣಿಗೆ. ಒಳ್ಳೇದಾಯ್ತು ಬಿಡಿ. ಬೆನ್ನ ಹಿಂದೆ ಮಕ್ಕಳು ಇನ್ನೂ ನಗುತ್ತಿದ್ದರು.

ಪಕ್ಕದ ತರಗತಿಯ ಸರೋಜಾ ಟೀಚರ್ ನನ್ನ ಮುಖ ನೋಡಿಯೇ ಹೆದರಿದರು. "ಏನೂ ಹೇಳ್ಬೇಡ, ಮೊದ್ಲು ಹೊರಡು ಮಾರಾಯ್ತಿ. ನಿನ್ನ ಕ್ಲಾಸ್ ನಾನು ನೋಡ್ಕೋತೀನಿ."

ಆ ಎರಡು ಬಸ್ಸುಗಳ ದಾರಿ ನನಗೆ ಇವತ್ತಿಗೂ ಮುಗಿದಿಲ್ಲ. ಕಿಟಕಿಯ ಪಕ್ಕ ಕೂತು ನಾನು ಒಂದೇ ಒಂದು ಸಲ, ಒಂದು ಸಲ ಸಾಕು, ಮಗು ನನ್ನನ್ನು ನೋಡಿದ್ದನ್ನು ನೆನಪು ಮಾಡಿಕೊಳ್ಳಲು ಹೊರಟೆ. ದನಿ ಕೇಳಿದರೆ ತಿರುಗುತ್ತಿದ್ದಳು. ಎತ್ತಿಕೊಂಡರೆ ಕತ್ತಿಗೆ ಮೂಗು ಒತ್ತುತ್ತಿದ್ದಳು. ಬಳೆ ಸದ್ದಾದರೆ ನಗುತ್ತಿದ್ದಳು. ನೋಡಿದ್ದು? ಶಿವಮೊಗ್ಗ ಬಸ್ ನಿಲ್ದಾಣ ಬಂತು, ಬಸ್ಸು ಬದಲಾಯಿಸಿದೆ, ಭದ್ರಾವತಿ ಬಂತು. ಒಂದು ಸಲವೂ ನೆನಪಾಗಲಿಲ್ಲ.

ಮನೆಯಲ್ಲಿ ಸನಾ ಚಾಪೆಯ ಮೇಲೆ ಕೂತು ಸ್ಟೀಲ್ ಡಬ್ಬಿಯ ಮುಚ್ಚಳ ಬಡಿಯುತ್ತಿದ್ದಳು. ನಾನು ಚಪ್ಪಲಿ ಹೊರಗೇ ಬಿಟ್ಟು, ಬಳೆ ಮೇಲಕ್ಕೆ ಒತ್ತಿ ಹಿಡಿದು, ಉಸಿರು ಕಟ್ಟಿ ಅವಳ ಮುಂದೆ ಕೂತು ಕೈ ಆಡಿಸಿದೆ. ಅವಳು ಮುಚ್ಚಳ ಬಡಿಯುತ್ತಲೇ ಇದ್ದಳು. ಕರವಸ್ತ್ರ ಒದ್ದೆ ಮಾಡಿ ಸುರ್ಮಾ ಒರೆಸಿ, ಮೊಬೈಲಿನ ಟಾರ್ಚ್ ಹಾಕಿ ನೋಡಿದೆ. ಕಪ್ಪಿರಬೇಕಾದ ನಡುವೆ, ಎರಡೂ ಕಣ್ಣಲ್ಲಿ, ಅನ್ನದ ಗಂಜಿಯ ಹನಿ ಬಿದ್ದಂತೆ ಬಿಳುಪು.

"ಏನು ಹುಡುಕ್ತಿದೀಯಮ್ಮಾ?" ಅಡುಗೆಮನೆಯಿಂದ ಕಾಲೆಳೆದುಕೊಂಡು ಅತ್ತೆ ಬಂದರು. ಸೆರಗಿನಲ್ಲಿ ಆ ಸಂಜೆಯ ಏಳು ಮೆಣಸಿನಕಾಯಿ ಇದ್ದವು. ಮನೆಯಲ್ಲಿ ನಾವು ಆಡುವುದು ದಖ್ಖನಿ. ಆದರೆ ಆ ಮಾತನ್ನು ನಾನು ಕನ್ನಡದಲ್ಲೇ ಆಡಿದೆ, ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಲಿ ಎಂದು.

"ದಿನಾ ದೃಷ್ಟಿ ತೆಗೆದು ತೆಗೆದು ನನ್ನ ಮಗಳ ದೃಷ್ಟಿನೇ ತೆಗೆದುಬಿಟ್ರಿ."

ಅತ್ತೆ ಮೆಣಸಿನಕಾಯಿಯನ್ನು ಮತ್ತೆ ಡಬ್ಬಿಗೆ ಹಾಕಿದರು. ಆ ದಿನದಿಂದ ನಮ್ಮ ಮನೆಯಲ್ಲಿ ಯಾರಿಗೂ ದೃಷ್ಟಿ ತೆಗೆದಿಲ್ಲ. ಅತ್ತೆ ಮತ್ತು ನಾನು ಉಪ್ಪು, ಹಾಲು, ಗ್ಯಾಸು ಎನ್ನುವಷ್ಟೇ ಮಾತಾಡಿಕೊಂಡು ಎಂಟು ತಿಂಗಳು ಕಳೆದೆವು.

ಶಿವಮೊಗ್ಗದ ಕಣ್ಣಿನ ಡಾಕ್ಟರು ಮೊದಲು ಕೇಳಿದ್ದು, "ಇಷ್ಟು ದಿನ ಏನ್ ಮಾಡ್ತಿದ್ರಿ?" ಹುಟ್ಟಿನಿಂದಲೇ ಎರಡೂ ಕಣ್ಣಲ್ಲಿ ಪೊರೆ. ಮೊದಲ ಎರಡು ಮೂರು ತಿಂಗಳಲ್ಲಿ ತೆಗೆಸಿದ್ದರೆ ಚೆನ್ನಾಗಿತ್ತು ಅಂದರು. ಅಂದರೆ ಅತ್ತೆಯ ಮೆಣಸಿನಕಾಯಿಗಿಂತ ಮುಂಚೆಯೇ, ಮಗು ಹಗಲೂ ರಾತ್ರಿ ನನ್ನ ಮಡಿಲಲ್ಲಿದ್ದ ಕಾಲದಲ್ಲೇ. ಅದು ನನಗೆ ಅವತ್ತೇ ಅರ್ಥವಾಯಿತು. ಅತ್ತೆಗೆ ಹೇಳಲಿಲ್ಲ. ಬೈಯಲು ಒಬ್ಬರು ಬೇಕಿತ್ತು ನನಗೆ.

ಅಕ್ಟೋಬರಿನಲ್ಲಿ ಒಂದು ಕಣ್ಣು, ನವೆಂಬರಿನಲ್ಲಿ ಇನ್ನೊಂದು. ಆಮೇಲೆ ಸೋಡಾ ಬಾಟಲಿಯ ತಳದಷ್ಟು ದಪ್ಪದ ಕನ್ನಡಕ, ತಲೆಯ ಹಿಂದೆ ಎಲಾಸ್ಟಿಕ್ ಪಟ್ಟಿ. ಡಾಕ್ಟರು ನಗುತ್ತ ಅಂದರು: "ಕಣ್ಣಿನ ಕೆಲ್ಸ ಮುಗೀತು. ಇನ್ನು ಮಿದುಳು ನೋಡೋದನ್ನ ಕಲೀಬೇಕು. ಮುಖ ಗುರುತಿಸೋದು ಮಾತ್ರ ಸ್ವಲ್ಪ ಕಷ್ಟ ಆಗ್ಬಹುದು."

ಆ ಕೊನೆಯ ಮಾತು ಮನೆಯವರೆಗೂ ನನ್ನ ಜೊತೆ ಬಂತು. ಯಾರ ಮುಖ? ನನ್ನದೂ? ಬೀದಿಯಲ್ಲಿ ಹತ್ತು ಜನರ ನಡುವೆ ನಾನು ನಿಂತರೆ ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ನಾನು ಯಾರೆಂದು ತಿಳಿಯುವುದಿಲ್ಲವೇ? ಆ ವರ್ಷ ನನಗೆ ಬೇರೆ ಏನೂ ಬೇಕಿರಲಿಲ್ಲ. ದನಿಯಿಂದಲ್ಲ, ವಾಸನೆಯಿಂದಲ್ಲ, ಬಳೆಯಿಂದಲ್ಲ, ಕಣ್ಣಿನಿಂದ ಒಂದು ಸಲ ಅವಳು ನನ್ನನ್ನು ಗುರುತು ಹಿಡಿಯಬೇಕು. ಅಷ್ಟೇ.

ಟೀಚರಿಗೆ ಗೊತ್ತಿರುವುದು ಒಂದೇ ದಾರಿ, ಪರೀಕ್ಷೆ. ದಿನಾ ಸಂಜೆ ಬಂದ ತಕ್ಷಣ ಬುರ್ಖಾ ತೆಗೆದು, ಬಳೆ ಬಿಚ್ಚಿಟ್ಟು, ಬೆವರಿನ ವಾಸನೆಯೂ ಸುಳಿವು ಕೊಡದಿರಲೆಂದು ಕೈಕಾಲು ಮುಖ ತೊಳೆದು, ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿ, ಚಾಪೆಯಿಂದ ಮೂರು ಹೆಜ್ಜೆ ದೂರ ಹೋಗಿ ನಿಲ್ಲುತ್ತಿದ್ದೆ. ಮನಸ್ಸಿನಲ್ಲೇ ಇಪ್ಪತ್ತು ಎಣಿಸುವವರೆಗೆ ಅಲುಗದೆ. ಸನಾಳ ಕಣ್ಣು ನನ್ನ ಮೇಲೆ ಹಾದು, ಗೋಡೆಯ ಮೇಲೆ ಹಾದು, ಮತ್ತೆ ಮುಚ್ಚಳಕ್ಕೆ ಇಳಿಯುತ್ತಿತ್ತು. ಗೋಡೆಗೂ ನನಗೂ ಅವಳು ಭೇದ ಮಾಡುತ್ತಿರಲಿಲ್ಲ. ಇಪ್ಪತ್ತಾದ ಮೇಲೆ ಸೋತು "ಸನಾ" ಅನ್ನುತ್ತಿದ್ದೆ. ತಕ್ಷಣ ಕೈ ಚಾಚುತ್ತಿದ್ದಳು. ಆ ಕೈ ಚಾಚುವಿಕೆ ನನಗೆ ನಕಲು ಮಾಡಿ ಪಾಸಾದಂತೆ ಕಾಣುತ್ತಿತ್ತು.

ಇನ್ನೂ ಹೊಟ್ಟೆ ಉರಿಸಿದ್ದು ಬೇರೆ. ಅತ್ತೆ ನೀರಿನ ಕೊಡ ಹಿಡಿದು ಮಾತಿಲ್ಲದೆ ಹಾದು ಹೋದರೂ ಮಗುವಿನ ಕತ್ತು ಅವರ ಹಿಂದೆಯೇ ತಿರುಗುತ್ತಿತ್ತು. ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಬಾಗಿಲಿಗೆ. ಒಂದು ಸಂಜೆ ನಾನು ಕಂಬದಂತೆ ನಿಂತಿದ್ದಾಗ ಅತ್ತೆ ನಮ್ಮಿಬ್ಬರ ನಡುವೆ ಕಾಲೆಳೆದುಕೊಂಡು ದಾಟಿದರು. ಸನಾ ಅವರನ್ನು ನೋಡಿ ಹಲ್ಲು ಬಿಟ್ಟು ನಕ್ಕಳು. ಬೇಕೆಂದೇ ದಾಟಿದರು ಎಂದುಕೊಂಡು ಆ ರಾತ್ರಿ ನಾನು ಊಟ ಮಾಡಲಿಲ್ಲ. ಇರ್ಫಾನ್, "ಮಗು ಮೇಲೂ ಪಂದ್ಯ ಕಟ್ತೀಯಾ?" ಎಂದು ಕೇಳಿದರು. ಅವರ ಮೇಲೂ ಸಿಟ್ಟು ಬಂತು.

ಏಪ್ರಿಲಿನಲ್ಲಿ ಡಾಕ್ಟರು ನಮ್ಮನ್ನು ಸ್ಮಿತಾ ಎಂಬ ಹುಡುಗಿಯ ಹತ್ತಿರ ಕಳಿಸಿದರು. ಅವಳ ಕೆಲಸ ಇಂಥ ಮಕ್ಕಳಿಗೆ ನೋಡುವುದನ್ನು ಕಲಿಸುವುದು. ಚಿಕ್ಕ ಕೋಣೆ, ಕಿಟಕಿಗೆ ಪರದೆ ಎಳೆದಿತ್ತು. ಸನಾಳನ್ನು ನನ್ನ ತೊಡೆಯ ಮೇಲೆ ಕೂರಿಸಿ ಅವಳು ಲ್ಯಾಪ್‌ಟಾಪ್ ತೆರೆದಳು. ಕಪ್ಪು ಪರದೆಯ ಮೇಲೆ ಹತ್ತು ಹನ್ನೆರಡು ಬಿಳಿ ಚುಕ್ಕೆ. ಯಾರೋ ಸಾಬೂದಾನಿ ಚೆಲ್ಲಿದ ಹಾಗೆ, ಅರ್ಥವಿಲ್ಲ. ಆಮೇಲೆ ಚುಕ್ಕೆಗಳು ಅಲುಗಿದವು. ಅಲುಗಿದ್ದೇ ತಡ, ಅಲ್ಲೊಬ್ಬ ಮನುಷ್ಯ ನಡೆಯುತ್ತಿದ್ದ. ಮೈಯಿಲ್ಲ, ಮುಖವಿಲ್ಲ, ಬಟ್ಟೆಯಿಲ್ಲ. ಭುಜ, ಮೊಣಕೈ, ಸೊಂಟ, ಮಂಡಿ, ಕಾಲಿನ ಗಿಣ್ಣು, ಇಷ್ಟೇ ಜಾಗಕ್ಕೆ ಒಂದೊಂದು ಚುಕ್ಕೆ. ಆದರೂ ಅದು ನಡೆಯುವ ಮನುಷ್ಯನೇ, ಅನುಮಾನವೇ ಇಲ್ಲ.

ಲ್ಯಾಪ್‌ಟಾಪಿನ ಪರದೆಯ ಇನ್ನೊಂದು ಅರ್ಧದಲ್ಲಿ ಅವೇ ಚುಕ್ಕೆಗಳನ್ನು ತಲೆಕೆಳಗು ಮಾಡಿ ಆಡಿಸಿದ್ದರು. ಅದು ಗಲಿಬಿಲಿ, ಸೊಳ್ಳೆಯ ಹಿಂಡು. ಸನಾಳ ಕಣ್ಣುಗಳು ಯಾವಾಗಲೂ ತೊಟ್ಟಿಲಂತೆ ಆಚೀಚೆ ತೂಗುತ್ತವೆ, ನೋಟ ಎಲ್ಲಿದೆ ಎಂದು ಹೇಳುವುದು ಕಷ್ಟ. ಆದರೆ ತಲೆ ನಿಧಾನವಾಗಿ ನಡೆಯುವವನ ಕಡೆ ತಿರುಗಿತು. ಸ್ಮಿತಾ ಬದಿ ಬದಲಾಯಿಸಿದಳು. ತಲೆ ಅತ್ತ ತಿರುಗಿತು. ಮತ್ತೆ ಬದಲಾಯಿಸಿದಳು. ಮತ್ತೆ ತಿರುಗಿತು.

"ಇದನ್ನ ಯಾರೂ ಕಲಿಸ್ಬೇಕಾಗಿಲ್ಲ ಮೇಡಂ" ಅಂದಳು ಸ್ಮಿತಾ. "ಹುಟ್ಟಿ ಎರಡು ದಿನದ ಕೂಸೂ ಜೀವ ಇರೋದರ ಓಡಾಟದ ಕಡೆ ತಿರುಗುತ್ತೆ. ಮೊಟ್ಟೆ ಒಡ್ಕೊಂಡು ಆಚೆ ಬಂದ ಕೋಳಿಮರಿಗೂ ಅಷ್ಟು ಗೊತ್ತಿರುತ್ತೆ. ಅದರ ಮುಂದಿನದು ಮಾತ್ರ ಕಲಿಯೋದೇ. ಇದು ಯಾರ ನಡಿಗೆ, ಸಿಟ್ಟಲ್ಲಿದಾರಾ, ದಣಿದಿದಾರಾ, ಇದನ್ನೆಲ್ಲ ಓದೋಕೆ ಕಿವಿ ಮೇಲ್ಗಡೆ ಮಿದುಳಿನ ಒಂದು ಮಡಿಕೆ ವರ್ಷಗಟ್ಟಲೆ ಪಳಗ್ಬೇಕು. ಹೈಸ್ಕೂಲಿಗೆ ಬಂದ ಮೇಲೂ ಪಳಗ್ತಾನೇ ಇರುತ್ತೆ."

"ಮುಖ?"

"ಮುಖದ ಪಾಠ ಬಹಳ ಬೇಗ ಶುರುವಾಗ್ಬೇಕಿತ್ತು. ತಡವಾಗಿ ಪೊರೆ ತೆಗೆದ ಮಕ್ಕಳಿಗೆ ಅದು ದೊಡ್ಡವರಾದ್ಮೇಲೂ ಸ್ವಲ್ಪ ತೊಡಕೇ. ಆದ್ರೆ ನಡಿಗೆಯ ಪಾಠ ಅಷ್ಟು ಸುಲಭಕ್ಕೆ ಕೈಬಿಡಲ್ಲ. ನೀವು ಮನೇಲಿ ಏನು ಮಾಡಿಸ್ತೀರಿ?"

ನಾನು ನನ್ನ ಸಂಜೆಯ ಪರೀಕ್ಷೆಯನ್ನು ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದೆ. ಸ್ಮಿತಾ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಯ್ಯೋ ಮೇಡಂ, ನಿಲ್ತೀರಾ? ನಿಲ್ಬೇಡಿ, ನಡೀರಿ. ನಿಂತ ಮನುಷ್ಯ ಅವಳಿಗೆ ಇನ್ನೂ ಮನುಷ್ಯನೇ ಅಲ್ಲ."

ಐದು ತಿಂಗಳು, ದಿನಾ ಸಂಜೆ, ನಾನು ನನ್ನ ಮಗಳ ಮುಂದೆ ಗೋಡೆಯಾಗಲು ಅಷ್ಟು ಕಷ್ಟಪಟ್ಟಿದ್ದೆ. ಅತ್ತೆ ಪಾಪ ಮನೆಗೆಲಸಕ್ಕೆಂದು ಓಡಾಡುತ್ತಿದ್ದರು, ಅಷ್ಟೇ.

ಮೇ ತಿಂಗಳಲ್ಲಿ ಇರ್ಫಾನ್ ಕಡೆಯ ಒಂದು ಮದುವೆ ಬಂತು, ಶಿವಮೊಗ್ಗದ ಒಂದು ಛತ್ರದಲ್ಲಿ. ಸನಾಗೆ ಒಂದೂವರೆ ವರ್ಷ ಸಮೀಪ. ತಿಂಗಳಿಂದ ಬಾತುಕೋಳಿಯ ಹಾಗೆ ನಡೆಯುತ್ತಿದ್ದಳು. ಮಧ್ಯಾಹ್ನದ ಊಟ ಮುಗಿದು ಹೆಂಗಸರೆಲ್ಲ ಹೊರಡುವಾಗ ಮತ್ತೆ ಬುರ್ಖಾ ತೊಟ್ಟು, ನಖಾಬು ಕಟ್ಟಿಕೊಂಡು, ವ್ಯಾನು ಆಟೋಗಳಿಗೆ ಕಾಯುತ್ತ ಅಂಗಳದಲ್ಲಿ ಸುತ್ತಾಡುತ್ತಿದ್ದರು. ಮೂವತ್ತು ಜನರಾದರೂ ಇದ್ದಾರು, ಎಲ್ಲ ಕಪ್ಪು. ಮುಖ ಕಾಣುವುದಿಲ್ಲ, ಎಲ್ಲರ ಮೈಗೂ ಮದುವೆಮನೆಯ ಒಂದೇ ಅತ್ತರು. ಜಗುಲಿಯ ಮೆಟ್ಟಿಲ ಮೇಲೆ ಅತ್ತೆ ಸನಾಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೆಲ್ಲಿ ಸಿಗುತ್ತದೆ ಎಂದು ನನಗನ್ನಿಸಿತು. ಹೆದರಿಕೆಯೂ ಆಯಿತು. ಇಲ್ಲಿ ಫೇಲಾದರೆ ಇನ್ನು ನಾನು ಸುಮ್ಮನಾಗಬೇಕು.

ಬಳೆ ಬಿಚ್ಚಿ ಅತ್ತೆಯ ಕೈಗೆ ಕೊಟ್ಟೆ. ಅವರಿಗೆ ಅರ್ಥವಾಯಿತು.

"ನಾನೇನಾದ್ರೂ ಹೇಳ್ಲಾ ಅವಳಿಗೆ?"

"ಬೇಡ ಅಮ್ಮಾ. ಸುಮ್ನೆ ಹಿಡ್ಕೊಂಡಿರಿ."

ನಖಾಬು ಕಟ್ಟಿ ಅಂಗಳದ ಎಡದಿಂದ ಬಲಕ್ಕೆ ನಡೆದೆ, ಮೆಟ್ಟಿಲಿನ ಮುಂದೆಯೇ. ಸನಾ ನೋಡಿದಳು, ನನ್ನ ಹಿಂದೆ ಬಂದವರನ್ನೂ ನೋಡಿದಳು, ಅವರ ಹಿಂದಿನವರನ್ನೂ. ಬಲದಿಂದ ಎಡಕ್ಕೆ ಬಂದೆ. ಕಾಲು ಎಲ್ಲಿಡುತ್ತಿದ್ದೇನೆ, ಕೈ ಹೇಗೆ ಬೀಸುತ್ತಿದ್ದೇನೆ ಎಂದು ನನಗೇ ಮರೆತುಹೋಗಿತ್ತು. ಪರೇಡಿಗೆ ನಿಂತ ಮಕ್ಕಳ ಹಾಗೆ ನಡೆಯುತ್ತಿದ್ದೆ ಅನ್ನಿಸುತ್ತದೆ. ಮೂರನೆಯ ಸಲ ತೀರ ಹತ್ತಿರದಿಂದ ಹಾದೆ. ಅವಳು ಅತ್ತೆಯ ಕೈಯಲ್ಲಿದ್ದ ನನ್ನ ಬಳೆಯೊಂದನ್ನು ಬಾಯಿಗೆ ಹಾಕಿಕೊಂಡಳು. ಯಾರೋ ಹೆಂಗಸು, "ಏನಮ್ಮಾ, ಏನಾದ್ರೂ ಕಳ್ಕೊಂಡ್ಯಾ?" ಅಂದರು. "ಹೂಂ" ಅಂದೆ.

ಅಷ್ಟರಲ್ಲಿ ಗೇಟಿನಿಂದ ಇರ್ಫಾನ್ ವ್ಯಾನು ಬಂತು ಎಂದು ಕೈ ಬೀಸಿದರು. ಸಾಕಾಯಿತು. ನನ್ನ ಮೇಲೆ, ಮಗುವಿನ ಮೇಲೆ, ಚುಕ್ಕೆ ತೋರಿಸಿ ಆಸೆ ಹುಟ್ಟಿಸಿದ ಆ ಹುಡುಗಿಯ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಅತ್ತೆ ಮಗುವನ್ನು ಕರೆದುಕೊಂಡು ಬರಲಿ ಎಂದು, ಜಗುಲಿಯ ಅಂಚಿನಲ್ಲಿದ್ದ ಬ್ಯಾಗನ್ನು ಹೆಗಲಿಗೆಳೆದು, ಬೆನ್ನು ತಿರುಗಿಸಿ, ದಾಪುಗಾಲು ಹಾಕಿ ಗೇಟಿನ ಕಡೆ ಹೊರಟೆ. ಬಸ್ಸಿಗೆ ತಡವಾದಾಗ ಹೋಗುತ್ತೇನಲ್ಲ, ಹಾಗೆ.

ಅರ್ಧ ಅಂಗಳ ದಾಟಿರಲಿಲ್ಲ. ಹಿಂದೆ ಬರಿಗಾಲಿನ ಪಟಪಟ ಸದ್ದು. ಆಮೇಲೆ ಒಂದು ಕಿರುಚು.

"ಅಮ್ಮೀ! ನಕ್ಕೋ! ಟಾಟಾ ನಕ್ಕೋ!"

ನಕ್ಕೋ ಅಂದರೆ ಬೇಡ. ಟಾಟಾ ಬೇಡ. ತಿರುಗಿದೆ. ಆ ಕಪ್ಪಿನ ಗುಂಪಿನ ನಡುವೆ ಒಬ್ಬರನ್ನೂ ಮುಟ್ಟದೆ, ಒಬ್ಬರ ಕಡೆಗೂ ತಿರುಗದೆ, ಕನ್ನಡಕ ಮೂಗಿನ ತುದಿಗೆ ಜಾರಿದ ನನ್ನ ಮಗಳು ನೇರ ಬಂದು ನನ್ನ ಮಂಡಿಯನ್ನು ತಬ್ಬಿಕೊಂಡಳು. ಬುರ್ಖಾಕ್ಕೆ ಮೂಗು ಕಣ್ಣು ಎಲ್ಲ ಒರೆಸಿದಳು. ನಾನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ. ನಗು ಬಂತೋ ಅಳು ಬಂತೋ, ಎರಡೂ ಬಂದವು.

ಎರಡೂ ಬಂದು ಮುಗಿಯುವ ಮೊದಲೇ ಇನ್ನೊಂದು ಹೊಳೆಯಿತು. ಅವಳ ಮುಂದೆಯೇ ಮೂರು ಸಲ ಹಾದಾಗ ನಾನು ಅವಳಿಗೆ ಯಾರೋ ಆಗಿದ್ದೆ. ಬೆನ್ನು ತಿರುಗಿಸಿ ಹೊರಟಾಗ ಅಮ್ಮಿಯಾದೆ. ಅವಳು ಕಲಿತದ್ದು ನಾನು ಹೋಗುವ ನಡಿಗೆಯನ್ನು.

ಅತ್ತೆ ಕಾಲೆಳೆದುಕೊಂಡು ಬಂದು ಏದುಸಿರು ಬಿಡುತ್ತ ನಿಂತರು. ಒಂದು ಕೈಯಲ್ಲಿ ನನ್ನ ಬಳೆ, ಇನ್ನೊಂದರಲ್ಲಿ ಮಗುವಿನ ಚಪ್ಪಲಿ. "ನಾನು ಬಿಡ್ಲಿಲ್ಲ ಕಣಮ್ಮಾ, ಕಿತ್ಕೊಂಡು ಓಡಿದ್ಲು" ಅಂದರು. ನಾನು ಬೈಯುತ್ತೇನೆ ಎಂದುಕೊಂಡಿದ್ದರೋ ಏನೋ. ಚಪ್ಪಲಿಯನ್ನು ಮಗುವಿನ ಕಾಲ ಬಳಿ ಇಟ್ಟು ಮೆಲ್ಲಗೆ ಅಂದರು: "ಕನ್ನಡಕ ಬಂದಾಗಿನಿಂದ ದಿನಾ ಬೆಳಿಗ್ಗೆ ಬಾಗಿಲಲ್ಲಿ ಎತ್ಕೊಂಡು ನಿಂತು ತೋರಿಸ್ತಿದ್ದೆ. ನೋಡು, ನಿನ್ನ ಅಮ್ಮಿ ಹೋಗ್ತಿದಾಳೆ ನೋಡು, ಟಾಟಾ ಮಾಡು ಅಂತ. ನೀನು ಓಣಿ ತಿರುಗೋವರೆಗೂ ತೋರಿಸ್ತಿದ್ದೆ."

ತಡ ಮಾಡ್ಬೇಡಿ, ಬೇಗ ತೋರಿಸ್ಬಿಡಿ ಎಂದು ಗಿರಿಜಕ್ಕ ಹೇಳಿದ್ದರು. ಅತ್ತೆ ತೋರಿಸಿದ್ದರು. ನಾನು ಅವರ ಮೇಲೆ ಮುನಿಸಿಕೊಂಡು ಹಿಂದಿರುಗಿಯೂ ನೋಡದೆ ಬಸ್ಸಿಗೆ ಓಡುತ್ತಿದ್ದ ಅಷ್ಟೂ ಬೆಳಗು ಅವರು ನನ್ನ ಮಗಳಿಗೆ ನನ್ನನ್ನೇ ತೋರಿಸುತ್ತಿದ್ದರು. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು.

"ಅಮ್ಮಾ, ಆವತ್ತು ನಾನು ಅಂದಿದ್ದು..."

"ಸುಮ್ನಿರು. ವ್ಯಾನು ಕಾಯ್ತಿದೆ" ಎಂದು ಅತ್ತೆ ನನ್ನ ಕೈ ಹಿಡಿದು, ಒಂದೊಂದೇ ಬಳೆ ತೊಡಿಸಿದರು. ಒಂದು ಬಳೆ ಮಗುವಿನ ಜೊಲ್ಲಿಗೆ ಒದ್ದೆಯಾಗಿತ್ತು.

ಈಗ ಅತ್ತೆ ಇಲ್ಲೇ, ಗೋಪಾಳದ ಮನೆಯಲ್ಲೇ ಇದ್ದಾರೆ. ಮೊನ್ನೆ ಆ ಘಾಟಿಗೆ ಅವರೂ ಕೆಮ್ಮಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ಸನಾ ಈಗಲೂ ಶಾಲೆಯಲ್ಲಿ ಹೊಸ ಹುಡುಗಿಯರ ಮುಖ ಕಲಸಿಕೊಂಡು, ಒಬ್ಬಳೆಂದು ಇನ್ನೊಬ್ಬಳ ಜೊತೆ ಜಗಳ ಆಡಿ ಬರುತ್ತಾಳೆ. ಆದರೆ ನಾನು ಮೆಟ್ಟಿಲು ಹತ್ತುವುದನ್ನು ಕಿಟಕಿಯಿಂದ ನೋಡಿ, "ಇವತ್ತು ಅಮ್ಮಿ ಜೊತೆ ಯಾರೂ ಮಾತಾಡ್ಬೇಡಿ" ಎಂದು ಮನೆಯವರಿಗೆ ಎಚ್ಚರಿಕೆ ಕೊಡುತ್ತಾಳೆ. ಒಂದು ದಿನವೂ ತಪ್ಪಿಲ್ಲ.

ಆ ಮದುವೆಯ ಮರು ತಿಂಗಳು ಶಾಲೆ ಶುರುವಾದಾಗ ನಾನೊಂದು ಅಭ್ಯಾಸ ಮಾಡಿಕೊಂಡೆ. ಹತ್ತು ನಿಮಿಷ ಮುಂಚೆ ಹೊರಟು, ಅತ್ತೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿರುವಾಗ ಓಣಿಯ ತುದಿಯವರೆಗೆ ಹೋಗಿ, ಅಲ್ಲಿಂದ ತಿರುಗಿ ಬಾಗಿಲವರೆಗೂ ನಡೆದು ಬರುತ್ತಿದ್ದೆ. ಆಮೇಲೆ ಮತ್ತೆ ಹೊರಡುತ್ತಿದ್ದೆ. ಬರುವ ನಡಿಗೆಯನ್ನೂ ಕಲಿಯಲಿ ಎಂದು. ಓಣಿಯವರು ಟೀಚರಮ್ಮ ದಿನಾ ಏನು ಮರೆತು ವಾಪಸ್ ಬರುತ್ತಾಳೆ ಎಂದು ನಗುತ್ತಿದ್ದರು. ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ಇರಬೇಕು, ಜಿಟಿಜಿಟಿ ಮಳೆ, ನಖಾಬು ಕಟ್ಟಿಕೊಂಡಿದ್ದೆ, ತಿರುಗಿ ನಾಲ್ಕು ಹೆಜ್ಜೆ ಇಟ್ಟಿದ್ದೆನಷ್ಟೆ. ಅಷ್ಟು ದೂರದ ಬಾಗಿಲಲ್ಲಿ, ಅತ್ತೆಯ ಕಂಕುಳಿಂದ, ಸನಾ ಎರಡೂ ಕೈ ಚಾಚಿದಳು. ಆ ದಿನ ನನ್ನ ಬಸ್ಸು ತಪ್ಪಿತು.